ಅಬ್ಬಾಗೆ ಅರಳುಮರಳು ಎನ್ನುವ ಮೊದಲು

ಕಳೆದ ತಿಂಗಳು ಕಮಲಾಪುರದಿಂದ ಒಬ್ಬರು ತಮ್ಮ ವಯಸ್ಸಾದ ತಂದೆಯನ್ನು ಕಲಬುರಗಿಯ ನನ್ನ ದವಾಖಾನೆಗೆ ಕರೆತಂದರು. “ಹಕೀಮ್ ಸಾಹೇಬ್ರೇ, ಅಬ್ಬಾಗ ಅರಳುಮರಳು ಸುರು ಆಗ್ಯಾದ. ನೆನಪಿಂದು ಒಂದು ಮಾಜೂನ್ ಕೊಡ್ರಿ” ಎಂದರು. ಅಬ್ಬಾ ಸುಮ್ಮನೆ ಕೂತಿದ್ದರು. ನಾನು ಅವರ ಕಿವಿಯ ಹತ್ತಿರ ಹೋಗಿ, ಕೆಂಪು ಬಾಳೆಯ ತೋಟದ ಬಗ್ಗೆ ಜೋರಾಗಿ ಕೇಳಿದೆ. ಕಂದು ಹೇಗೆ ಆರಿಸಬೇಕು, ಗೊನೆ ಯಾವಾಗ ಕಡಿಯಬೇಕು, ಒಂದೊಂದಾಗಿ ಹೇಳತೊಡಗಿದರು. ಮಗ ನನ್ನ ಮುಖ ನೋಡಿದ.

ಆಗ ನನಗೆ ಪ್ರಯೋಗಾಲಯದ ಇಲಿಗಳು ನೆನಪಾದವು. ಅವುಗಳ ಆಯುಷ್ಯ ಎರಡು-ಮೂರು ವರ್ಷ. 24 ತಿಂಗಳಿಗೆ ಇಲಿ ಮುದಿಯಾಗುತ್ತದೆ. ರಿಚರ್ಡ್ ಮೋರಿಸ್ ಎಂಬ ವಿಜ್ಞಾನಿ 1981ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಿದೆ. ಮಬ್ಬು ನೀರಿನ ತೊಟ್ಟಿಯಲ್ಲಿ, ಕಣ್ಣಿಗೆ ಕಾಣದಂತೆ ಒಂದು ಪುಟ್ಟ ಕಟ್ಟೆ ಇಟ್ಟಿರುತ್ತಾರೆ. ಸುತ್ತಲಿನ ಗುರುತುಗಳನ್ನು ನೆನಪಿಟ್ಟುಕೊಂಡು ಇಲಿ ಈಜಿ ಅದನ್ನು ಹುಡುಕಬೇಕು. ಮುದಿ ಇಲಿಗಳು ಸಾಮಾನ್ಯವಾಗಿ ತಡವರಿಸುತ್ತವೆ. ಕಟ್ಟೆಯ ಜಾಗ ಬದಲಿಸಿದರೆ ಹಳೆಯ ಜಾಗಕ್ಕೇ ಹೋಗಿ ಸುತ್ತುವುದೂ ಉಂಟು. ಎಲ್ಲವೂ ಹಾಗಲ್ಲ, ಅದೇ ವಯಸ್ಸಿನ ಕೆಲವು ಇಲಿಗಳು ಎಳೆಯ ಇಲಿಗಳಷ್ಟೇ ಚೆನ್ನಾಗಿ ಕಲಿಯುತ್ತವೆ.

ಆದರೆ ತಡವರಿಸಿದ ಕೂಡಲೇ ವಿಜ್ಞಾನಿಗಳು “ನೆನಪು ಹೋಯಿತು” ಎಂದು ಬರೆಯುವುದಿಲ್ಲ. ಕಟ್ಟೆಯನ್ನು ಕಣ್ಣಿಗೆ ಕಾಣುವಂತೆ ಇಟ್ಟು ಮತ್ತೊಮ್ಮೆ ಬಿಡುತ್ತಾರೆ. ಅಲ್ಲಿಗೂ ತಲುಪದಿದ್ದರೆ ದೋಷ ಕಣ್ಣಿನದೋ ಕಾಲಿನದೋ ಇರಬಹುದು, ನೆನಪಿನದೇ ಎನ್ನುವಂತಿಲ್ಲ. ಇಲಿಗೆ ಸಿಗುವ ಈ ನ್ಯಾಯ ನಮ್ಮ ಮನೆಯ ಹಿರಿಯರಿಗೆ ಸಿಗುತ್ತಿಲ್ಲ. ಕಣ್ಣಲ್ಲಿ ಪೊರೆ, ಕಿವಿ ಮಂದ. ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದರೆ ನಾವು ತಲೆಯನ್ನೇ ದೂರುತ್ತೇವೆ.

ಇನ್ನೊಂದು ಮಾತು. 19 ತಿಂಗಳ ಮುದಿ ಇಲಿಮರಿಗಾತ್ರದ ಸುಂಡಿಲಿಗಳಿಗೆ ಓಡಲು ಚಕ್ರ ಕೊಟ್ಟಾಗ, ಸುಮ್ಮನಿದ್ದ ಓರಗೆಯವಕ್ಕಿಂತ ಬೇಗ ಕಲಿತವು ಎಂದು 2005ರ ಅಧ್ಯಯನವೊಂದು ತೋರಿಸಿತು. ಅಮೆರಿಕದ ಮರಿಯನ್ ಡೈಮಂಡ್ 1985ರಲ್ಲೇ, 904 ದಿನದ ಇಲಿಗಳಲ್ಲೂ ಜೊತೆಗಾರರು ಮತ್ತು ಆಟದ ಸಾಮಾನುಗಳಿದ್ದ ಪಂಜರದಿಂದ ಮೆದುಳಿನ ಹೊರಪದರ ದಪ್ಪವಾದುದನ್ನು ದಾಖಲಿಸಿದರು. ಇಲಿ ಮನುಷ್ಯನಲ್ಲ, ಒಪ್ಪುತ್ತೇನೆ. ಆದರೂ ಯುನಾನಿಯ ಆರು ಅಗತ್ಯಗಳಲ್ಲಿ ದೇಹದ ಚಲನೆಯ ಪಕ್ಕದಲ್ಲೇ ಮನಸ್ಸಿನ ಚಲನೆಯನ್ನೂ ಇಟ್ಟಿರುವುದನ್ನು ಓದಿದವನಿಗೆ ಇದು ಹೊಸದೆನಿಸುವುದಿಲ್ಲ.

ಮಾಜೂನ್, ಖಮೀರಾಗಳನ್ನು ನಾನೂ ಕೊಡುತ್ತೇನೆ. ಆದರೆ ಕೋಣೆಯ ಮೂಲೆಯಲ್ಲಿ ಕೂಡಿಸಿ, ಚಮಚದಲ್ಲಿ ನೆನಪು ತಿನ್ನಿಸುತ್ತೇವೆಂದರೆ ಆಗದು. “ಬಿದ್ದಾರು ಅಂತ ತೋಟಕ್ಕ ಬಿಡಂಗಿಲ್ರಿ” ಎಂದ ಆ ಮಗ. ಕೈ ಹಿಡಿದು ಕರೆದುಕೊಂಡು ಹೋಗಪ್ಪ ಎಂದೆ.

ಒಂದೆರಡು ದಿನದಲ್ಲೇ ಏಕಾಏಕಿ ದಿಕ್ಕುತಪ್ಪಿ ಮಾತಾಡತೊಡಗಿದರೆ ಅದು ವಯಸ್ಸಿನ ಮರೆವಲ್ಲ. ಸೋಂಕೋ, ಸಕ್ಕರೆಯ ಏರುಪೇರೋ, ಪಾರ್ಶ್ವವಾಯುವೋ ಇರಬಹುದು. ಆಗ ನನ್ನ ಬಳಿ ಬರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಆ ಅಬ್ಬಾಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಮಾಜೂನ್ ಇರಲಿಲ್ಲ. ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ, ಆಮೇಲೆ ದಿನಕ್ಕೊಮ್ಮೆ ತೋಟ.