ಆಟಿಕೆ ಎನ್ನುವ ಮುನ್ನ

ವಿದ್ಯಾರ್ಥಿಗಳ ವೈದ್ಯಕೀಯ ಉಪಕರಣಗಳು ಅಂಕಕ್ಕಾಗಿ ಮಾಡಿದ ಆಟಿಕೆಗಳು, ಬಡ ಆಸ್ಪತ್ರೆಗಳಲ್ಲಿ ಮೂಲೆ ಸೇರುತ್ತವೆ ಎಂಬ ಕಳೆದ ಸಂಚಿಕೆಯ ವಾದ ಶುದ್ಧ ತಪ್ಪು. ಮೂಲೆ ಸೇರುವುದಕ್ಕೆ ವಿದ್ಯಾರ್ಥಿಗಳು ಮಾಡಿದ್ದೇ ಕಾರಣವಲ್ಲ; ದಾನವಾಗಿ ಬಂದ ದುಬಾರಿ ಯಂತ್ರಗಳೂ ಬಿಡಿಭಾಗ ಸಿಗದೆ ಮೂಲೆ ಸೇರಿವೆ.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೀನಿನ ತೊಟ್ಟಿಯ ಪಂಪುಗಳಿಂದ ಶುರುಮಾಡಿದ, ಶಿಶುಗಳ ಉಸಿರಾಟಕ್ಕೆ ನೆರವಾಗುವ ಬಬಲ್ ಸಿಪ್ಯಾಪ್ ಉಪಕರಣ ನೋಡಿ. ಪಂಪು ಕೊಳವೆಯ ಮೂಲಕ ಮಗುವಿನ ಮೂಗಿಗೆ ಗಾಳಿ ಕಳಿಸುತ್ತದೆ. ಇನ್ನೊಂದು ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಎಷ್ಟು ಸೆಂಟಿಮೀಟರ್ ಮುಳುಗಿದೆಯೋ ಅಷ್ಟು ಒತ್ತಡ. ಗುಳ್ಳೆ ನಿಂತರೆ ನರ್ಸ್‌ಗೆ ಕಣ್ಣಿಗೇ ಕಾಣುತ್ತದೆ. ಮಲಾವಿಯ ಬ್ಲಾಂಟೈರ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಸಿರಾಟದ ತೀವ್ರ ತೊಂದರೆಯಿದ್ದ ನವಜಾತ ಶಿಶುಗಳ ಪೈಕಿ ಬರೀ ಆಮ್ಲಜನಕ ಪಡೆದವುಗಳಲ್ಲಿ ಶೇ. 44 ಬದುಕಿದರೆ, ಬಬಲ್ ಸಿಪ್ಯಾಪ್ ಪಡೆದವುಗಳಲ್ಲಿ ಶೇ. 71 ಬದುಕಿದವು.

ಕಾಲೇಜು ಮುಗಿದ ಮೇಲೆ ರಿಪೇರಿ ಯಾರದು ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕೆ ತಂತ್ರಜ್ಞರನ್ನು ನೇಮಿಸಿ ಎಂದು ಸರ್ಕಾರಗಳನ್ನು ಕೇಳಿ. ಆ ಹುಡುಗ ಹುಡುಗಿಯರ ಉತ್ಸಾಹಕ್ಕೆ ತಣ್ಣೀರೆರಚಬೇಡಿ.