ಬಾಗಿಲು ತಟ್ಟದ ಕಾವಲು

ಉತ್ತರಪ್ರದೇಶದ ಖರಕ್ ಸಿಂಗನ ಮೇಲೆ 1941ರಲ್ಲಿ ಬಂದ ದರೋಡೆಯ ಆರೋಪವು ಸಾಕ್ಷ್ಯವಿಲ್ಲದೆ ಬಿದ್ದುಹೋದ ಬಳಿಕವೂ ಪೊಲೀಸರು ಅವನ ಹೆಸರಿನಲ್ಲಿ ಕಡತವೊಂದನ್ನು ತೆರೆದರು. ಚೌಕಿದಾರರು ಅಪರಾತ್ರಿಯಲ್ಲಿ ಬಂದು ಕದ ಬಡಿದು, ಕೂಗಿ, ಮಲಗಿದ್ದವನನ್ನು ಎಬ್ಬಿಸಿ ಹೋಗುವುದು ವಾಡಿಕೆಯಾಯಿತು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ರಾತ್ರಿಯ ಭೇಟಿಗಳನ್ನು ನಿಲ್ಲಿಸಿತಾದರೂ, ಖಾಸಗಿತನದ ಹಕ್ಕೆಂಬುದು ಸಂವಿಧಾನದಲ್ಲಿಲ್ಲವೆಂದೂ ಸಾರಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿರುದ್ಧ 2012ರಲ್ಲಿ ಹೂಡಿದ ಅರ್ಜಿಯ ದೆಸೆಯಿಂದ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ಮಾತನ್ನು ಒಮ್ಮತದಿಂದ ಅಳಿಸಿಹಾಕುವ ತನಕ, 55 ವರ್ಷ ಅದು ಹಾಗೆಯೇ ಉಳಿದಿತ್ತು.

ತಪ್ಪು ಮಾಡದವನಿಗೆ ಅಂಜಿಕೆಯೇಕೆ ಎಂದು ಕೇಳುವ ಸಜ್ಜನರು ಇಂದಿಗೂ ಹೇರಳವಾಗಿದ್ದಾರೆ. ಬಚ್ಚಲಿನ ಚಿಲಕ ಹಾಕಿಕೊಳ್ಳುವಾಗ ಅವರು ಒಳಗೆ ಕಳ್ಳನೋಟು ಅಚ್ಚುಮಾಡುತ್ತಿರುವುದಿಲ್ಲವಷ್ಟೆ!

ಖರಕ್ ಸಿಂಗನಿಗೆ ಕದ ಬಡಿಯುವ ಸದ್ದಾದರೂ ಕೇಳುತ್ತಿತ್ತು. ಕೇಳಿದ್ದರಿಂದಲೇ ಅವನು ನ್ಯಾಯಾಲಯದ ಮೆಟ್ಟಿಲೇರಿದ. ಈಗಿನ ಕಾವಲಿಗೆ ಸದ್ದಿಲ್ಲ. ಔಷಧಿ ಅಂಗಡಿಯೊಂದರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳಲು ಹೋದಾಗ, “ನಂಬರ್ ಹೇಳಿ ಸಾರ್, ಇಲ್ದಿದ್ರೆ ಬಿಲ್ ಆಗಲ್ಲ” ಎಂದ ಹುಡುಗನಿಗೆ, ಹಿಂದೆ ನಿಂತಿದ್ದ ನಾಲ್ವರಿಗೂ ಕೇಳುವಂತೆ, ನಾನು ಹತ್ತು ಅಂಕೆಗಳನ್ನು ಒಪ್ಪಿಸಿ ಬಂದೆ. ಇಪ್ಪತ್ತೆಂಟನೆಯ ದಿನ ಮಾತ್ರೆ ಮುಗಿದಿರಬೇಕಲ್ಲವೆ ಎಂಬ ಸಂದೇಶ ಬಂದಿತು. ಡಬ್ಬಿಯಲ್ಲಿ ಇನ್ನೂ ಎರಡಿದ್ದವು.

ತಾನು ಲೆಕ್ಕವಿಟ್ಟಿರುವುದನ್ನು ಅಂಗಡಿಯವನು ಅಷ್ಟಾದರೂ ತಿಳಿಯಗೊಟ್ಟ. ಸರ್ಕಾರಕ್ಕೆ ಆ ಹಂಗೂ ಇಲ್ಲ. ಪ್ರಜೆಯ ರಕ್ಷಣೆಗೆಂದೇ ಹುಟ್ಟಿದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 17ನೆಯ ಕಲಮು, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ವಿಶಾಲವಾದ ಕಾರಣಗಳಿಗಾಗಿ, ಯಾವ ಸರ್ಕಾರಿ ಸಂಸ್ಥೆಯನ್ನಾದರೂ ಬರಿಯ ಅಧಿಸೂಚನೆಯಿಂದ ಕಾಯಿದೆಯ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅದೇ ಕಾಯಿದೆ ಮಾಹಿತಿ ಹಕ್ಕು ಕಾಯಿದೆಯ 8ನೆಯ ಕಲಮನ್ನು ತಿದ್ದಿ, ಅಧಿಕಾರಿಯ ವಿವರವನ್ನು ಕೇಳುವ ಪ್ರಜೆಗೆ ‘ವೈಯಕ್ತಿಕ’ವೆಂಬ ಒಂದೇ ಪದದಿಂದ ಉತ್ತರಿಸುವ ಅನುಕೂಲವನ್ನೂ ಒದಗಿಸಿದೆ. ಪ್ರಜೆಯ ಮನೆಗೆ ಗಾಜಿನ ಗೋಡೆ, ಕಚೇರಿಗೆ ಕಲ್ಲಿನ ಗೋಡೆ! ಭದ್ರತೆಯ ಅಗತ್ಯವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅಂಥ ವಿನಾಯಿತಿಯನ್ನು ಕೋರುವ ಸಂಸ್ಥೆಯು ಮೊದಲು ನ್ಯಾಯಾಧೀಶರೊಬ್ಬರ ಮುಂದೆ ಕಾರಣ ತೋರಿಸಿ, ಅವಧಿ ಗೊತ್ತುಪಡಿಸಿಕೊಂಡು, ಅವಧಿ ತೀರಿದೊಡನೆ, ಯಾರ ದತ್ತಾಂಶವನ್ನು ಬಳಸಿತೋ ಆ ವ್ಯಕ್ತಿಗೆ ವಿಷಯವನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದೆಂದು ಸಂಸತ್ತು 17ನೆಯ ಕಲಮಿಗೆ ತಿದ್ದುಪಡಿ ತರಬೇಕು.