ಹಸಿರು ಸೀರೆಗೆ ಅಪ್ಪಣೆ ಯಾರದು?

ಕಳೆದ ತಿಂಗಳು ನನ್ನ ಅಣ್ಣನ ಮಗಳು ಬೆಂಗಳೂರಿನಿಂದ ಫೋನು ಮಾಡಿದ್ದಳು. ಇಪ್ಪತ್ತಾರರ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷವಾಗಿದೆ. ‘ಅತ್ತಿ, ನನ್ನ ಸ್ಟೈಲ್ ಯಾವುದು ಅಂತ ಕಡೀಗೂ ಗೊತ್ತಾತು’ ಅಂದಳು. ದನಿಯಲ್ಲಿ ಪರೀಕ್ಷೆಯ ಫಲಿತಾಂಶ ಬಂದವರ ಸಂಭ್ರಮವಿತ್ತು. ವಿಚಾರಿಸಿದರೆ, ಆನ್‌ಲೈನಿನಲ್ಲಿ ಸಿಕ್ಕ ಒಬ್ಬ ಸಲಹೆಗಾರ್ತಿಗೆ ಆರು ಸಾವಿರ ರೂಪಾಯಿ ಕೊಟ್ಟಿದ್ದಾಳೆ. ಕಿಟಕಿಯ ಬೆಳಕಿನಲ್ಲಿ ತೆಗೆದ ಮುಖದ ಫೋಟೊ, ಮುಂಗೈ ನರಗಳ ಫೋಟೊ, ಮೈಯ ಅಳತೆ ಎಲ್ಲವನ್ನೂ ಕಳಿಸಿದ್ದಾಳೆ. ನಾಲ್ಕು ದಿನಕ್ಕೆ ಹನ್ನೆರಡು ಪುಟದ ಪಿಡಿಎಫ್ ಬಂದಿದೆ. ಅದರ ಪ್ರಕಾರ ಅವಳ ಬಣ್ಣ ‘ಆಟಮ್’, ಮೈಕಟ್ಟು ‘ಪೇರ್’. ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಕಂದು ಅವಳಿಗೆ ಸೇರಿದವು. ರಾಣಿ ಗುಲಾಬಿ ಮತ್ತು ಗಿಳಿ ಹಸಿರಿನಿಂದ ದೂರವಿರಬೇಕು. ಕೊನೆಯ ಎರಡು ಪುಟಗಳಲ್ಲಿ ಏನೇನು ಕೊಳ್ಳಬೇಕೆಂಬ ಪಟ್ಟಿ, ಪಕ್ಕದಲ್ಲಿ ಅಂಗಡಿಗಳ ಲಿಂಕು.

‘ಪೇರಲಹಣ್ಣ ಏನವಾ?’ ಅಂದೆ. ಅವಳು ನಕ್ಕಳು. ನನಗೆ ಗಿಳಿ ಹಸಿರು ಎಂಬ ಮಾತು ಕಿವಿಯಲ್ಲೇ ನಿಂತುಬಿಟ್ಟಿತ್ತು. ನಮ್ಮ ಮನೆಯಲ್ಲಿ ಅದೇ ಬಣ್ಣವನ್ನು ಇದಕ್ಕೂ ಮೊದಲು ಇನ್ನೊಬ್ಬ ಹೆಂಗಸಿಗೆ ಬೇಡ ಎಂದಿದ್ದರು. ಅವಳ ಅಜ್ಜಿಗೆ, ಅಂದರೆ ನನ್ನ ಅವ್ವನಿಗೆ.

ಅವ್ವ ಗದಗಿನ ಹತ್ತಿರದ ಹಳ್ಳಿಯವಳು. ಅವಳ ಟ್ರಂಕಿನಲ್ಲಿ ಇದ್ದದ್ದು ಏಳೆಂಟು ಸೀರೆ. ಒಳ್ಳೆಯದೆಂದು ಎತ್ತಿಟ್ಟದ್ದು ಒಂದೇ, ಗಿಳಿ ಹಸಿರು ಒಡಲಿನ, ಚಿಕ್ಕಿ ಪರಾಸ ದಡಿಯ ಇಳಕಲ್ ಸೀರೆ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿ ನೇಯುತ್ತಾರೆ. ಹಸಿರು ಮುಗಿದಲ್ಲಿ ಕೆಂಪು ಸೆರಗು ಶುರುವಾಗುತ್ತದೆ, ಅದರ ಮೇಲೆ ಬಿಳಿಯ ತೆನೆ. ಅವ್ವ ಅದನ್ನು ಉಟ್ಟು ಹೊರಟರೆ ಓಣಿಯ ಹೆಂಗಸರು ಕಟ್ಟೆಯಿಂದ ಎದ್ದು ನೋಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಬಳಗದವರು ಬೂದು ಬಣ್ಣದ ಸೀರೆ ತಂದುಕೊಟ್ಟರು. ಹಸಿರು ಉಡಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವ್ವನೇ ಮಡಚಿ ಟ್ರಂಕಿನ ತಳಕ್ಕೆ ಇಟ್ಟಳು. ಮರುವರ್ಷ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಅದರ ಮೇಲೆ ಕೈಯಾಡಿಸುತ್ತ, ನನ್ನ ಮುಖ ನೋಡದೆ ಕೇಳಿದಳು: ‘ಹಸರು ನನಗ ಒಪ್ಪತಿತ್ತಲ್ಲ?’

ಸ್ಟೈಲ್ ಕಂಡುಕೊಳ್ಳಿ, ಬೆಳೆಸಿಕೊಳ್ಳಿ ಎಂದು ದಿನಕ್ಕೆ ಹತ್ತು ವಿಡಿಯೊ ಮಾಡುವವರ ಜತೆ ನನ್ನ ಜಗಳ ಇರುವುದು ಇಲ್ಲೇ. ನಮಗೆ ಏನು ಒಪ್ಪುತ್ತದೆ ಎಂಬುದು ನಮಗೆ ಗೊತ್ತಿಲ್ಲ, ಆದ್ದರಿಂದ ಕಲಿಸಿಕೊಡಬೇಕು ಎಂದು ಅವರು ತಿಳಿದಿದ್ದಾರೆ. ನಾನು ಹೇಳುವುದು, ಬಹುಪಾಲು ಹೆಂಗಸರಿಗೆ ಅದು ಗೊತ್ತಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವನಿಗೆ ಗೊತ್ತಿತ್ತು. ಅವಳಿಗೆ ಇಲ್ಲದಿದ್ದದ್ದು ತಿಳಿವಳಿಕೆಯಲ್ಲ, ಅಪ್ಪಣೆ. ಅಪ್ಪಣೆ ಇಲ್ಲದ ಕಡೆ ತಿಳಿವಳಿಕೆಯನ್ನು ಮಾರುವುದು, ಬೀಗ ಹಾಕಿದ ಮನೆಯ ಮುಂದೆ ನಿಂತವನಿಗೆ ಒಳಗಿನ ಕೋಣೆಗಳ ನಕ್ಷೆ ಮಾರಿದಂತೆ.

ಮಾರುವ ತಿಳಿವಳಿಕೆಯಾದರೂ ಎಂಥದ್ದು? ಚರ್ಮದ ಬಣ್ಣವನ್ನು ನಾಲ್ಕು ಋತುಗಳಿಗೆ ಹಂಚುವ ಈ ಪದ್ಧತಿ ಮನೆಮಾತಾದದ್ದು ಅಮೆರಿಕದಲ್ಲಿ, 1980ರಲ್ಲಿ ಬಂದ ಕ್ಯಾರಲ್ ಜಾಕ್ಸನ್ ಅವರ ‘ಕಲರ್ ಮಿ ಬ್ಯೂಟಿಫುಲ್’ ಪುಸ್ತಕದಿಂದ. ಎಲೆ ಕೆಂಪಾಗಿ ಉದುರುವ, ಹಿಮ ಬೀಳುವ ನಾಡಿನವರಿಗೆ ಆ ಹೆಸರುಗಳು ಸಹಜ. ನಮ್ಮ ಎರೆಭೂಮಿಯಲ್ಲಿ ಬಣ್ಣ ಬದಲಿಸುವುದು ಎಲೆಯಲ್ಲ, ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ನಮ್ಮ ಹುಡುಗಿ ಹುಟ್ಟಿದಾಗಿನಿಂದ ಕಾಣದ ಒಂದು ಋತುವಿನ ಹೆಸರನ್ನು ಅವಳ ಮೈಗೆ ಹಚ್ಚಿ, ಆ ಋತುವಿನಲ್ಲಿಲ್ಲದ ಬಣ್ಣ ನಿನ್ನದಲ್ಲ ಎಂದರೆ ಅದನ್ನು ಕಂಡುಕೊಳ್ಳುವುದು ಎನ್ನಲು ನನ್ನಿಂದಾಗದು. ಊರು ಅಜ್ಜಿಗೆ ಹಸಿರನ್ನು ಪುಕ್ಕಟೆ ನಿಷೇಧಿಸಿತ್ತು. ಮೊಮ್ಮಗಳು ಆರು ಸಾವಿರ ಕೊಟ್ಟು ನಿಷೇಧಿಸಿಕೊಂಡಿದ್ದಾಳೆ.

ಅಪ್ಪಣೆಯ ಮಾತು ಹಳೆಯದಾಯಿತು, ಈಗ ಯಾರು ಯಾರನ್ನು ತಡೆಯುತ್ತಾರೆ ಎನ್ನುವವರಿದ್ದಾರೆ. ನಾನು ಪಾಠ ಮಾಡಲು ಸೇರಿದ ಮೊದಲ ಕಾಲೇಜಿನಲ್ಲಿ ಹೆಂಗಸರಿಗೆ ಸೀರೆ ಕಡ್ಡಾಯವಾಗಿತ್ತು. ಎರಡು ಬಸ್ಸು ಬದಲಿಸಿ, ಮಳೆಗಾಲದಲ್ಲಿ ನೆರಿಗೆ ಎತ್ತಿ ಹಿಡಿದು, ಒದ್ದೆ ಅಂಚಿನಲ್ಲೇ ನಾಲ್ಕು ತಾಸು ನಿಂತು ಪಾಠ ಮಾಡುತ್ತಿದ್ದೆವು. ಚೂಡಿದಾರ ಹಾಕಿಕೊಳ್ಳುತ್ತೇವೆಂದು ಅರ್ಜಿ ಕೊಟ್ಟಾಗ ‘ನಮ್ಮ ಸಂಪ್ರದಾಯ’ ಎಂಬ ಉತ್ತರ ಬಂತು. ಉತ್ತರ ಕೊಟ್ಟವರು ಪ್ಯಾಂಟು, ಇನ್‌ಶರ್ಟು, ಬೆಲ್ಟಿನಲ್ಲಿದ್ದರು. ಅವರಿಗೆ ಯಾರೂ ಧೋತರ ಉಟ್ಟು ಬನ್ನಿ ಎಂದಿರಲಿಲ್ಲ.

ಆ ಸಂಪ್ರದಾಯದ ವಯಸ್ಸನ್ನೂ ನೋಡೋಣ. ನಾವು ಉಡುತ್ತಿದ್ದದ್ದು ಮುಂದೆ ನೆರಿಗೆ, ಎಡ ಹೆಗಲಿಗೆ ಸೆರಗು, ಒಳಗೆ ಲಂಗ, ಮೇಲೆ ಜಂಪರು. ಸುಶಿಕ್ಷಿತ ಹೆಂಗಸು ಹೊರಗೆ ಓಡಾಡುವಾಗ ಉಡಬೇಕಾದ ರೀತಿ ಇದು ಎಂದು ಹಬ್ಬಿಸಿದವರಲ್ಲಿ ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ ಮುಖ್ಯರು. 1860ರ ದಶಕದಲ್ಲಿ ಗಂಡನ ಜತೆ ಬೊಂಬಾಯಿಗೆ ಹೋದ ಆಕೆಗೆ ಬಂಗಾಳದ ಮನೆಯೊಳಗಿನ ಉಡಿಗೆಯಲ್ಲಿ ಹೊರಗೆ ಕಾಲಿಡುವುದೇ ಕಷ್ಟವಾಯಿತು. ಪಾರ್ಸಿ ಹೆಂಗಸರನ್ನು ನೋಡಿ ಉಡುವ ರೀತಿಯನ್ನು ಬದಲಿಸಿಕೊಂಡರು. ನಮ್ಮಲ್ಲಿ ಕಚ್ಚೆ ಹಾಕಿ ಉಟ್ಟು ಹೊಲದಲ್ಲಿ ಬಗ್ಗಿ ಕೆಲಸ ಮಾಡಿದ ಅಜ್ಜಿಯರಿದ್ದಾರೆ. ಕೊಡಗಿನಲ್ಲಿ ನೆರಿಗೆ ಬೆನ್ನಿಗೆ ಹೋಗುತ್ತದೆ. ಅವೆಲ್ಲ ಓಡಾಡಲು, ದುಡಿಯಲು ಹೆಂಗಸರು ಮಾಡಿಕೊಂಡ ಅನುಕೂಲಗಳು. ಜ್ಞಾನದಾನಂದಿನಿ ಮಾಡಿದ್ದೂ ಅದನ್ನೇ. ಆಕೆ ಅಂದು ಮನೆಯಿಂದ ಹೊರಗೆ ಬರಲು ಮಾಡಿಕೊಂಡ ಬದಲಾವಣೆಯನ್ನು ನಮ್ಮ ಕಾಲೇಜು ಬದಲಾವಣೆ ಬೇಡ ಎನ್ನಲು ಬಳಸಿಕೊಂಡಿತು.

ಏನು ಉಡಬೇಕು ಎಂಬುದು ಈ ದೇಶದಲ್ಲಿ ಯಾವತ್ತೂ ಬರೀ ರುಚಿಯ ಸಂಗತಿಯಾಗಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೊಡೆದಾಡಬೇಕಾಯಿತು. 1859ರಲ್ಲಿ ಕೊನೆಗೂ ಹೊರಟ ರಾಜಾಜ್ಞೆಯಲ್ಲಿ ಒಂದು ಷರತ್ತಿತ್ತು: ಮುಚ್ಚಿಕೊಳ್ಳಬಹುದು, ಆದರೆ ಮೇಲುಜಾತಿಯ ಹೆಂಗಸರ ರೀತಿಯಲ್ಲಲ್ಲ. ಬಟ್ಟೆಗೆ ಅಪ್ಪಣೆ ಸಿಕ್ಕಿತು, ಸ್ಟೈಲಿಗೆ ಸಿಗಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಅಲ್ಲಿ ಸೇರಿದ್ದ ದಲಿತ ಹೆಂಗಸರಿಗೆ ಹೇಳಿದ ಮಾತುಗಳಲ್ಲಿ ಉಡುಗೆಯ ಮಾತೂ ಇತ್ತು. ಮೊಣಕಾಲಿನ ತನಕ ಉಡುವ ಸೀರೆ, ತೋಳು ತುಂಬ ತೊಡುವ ಒರಟು ಬೆಳ್ಳಿಯ ಒಡವೆ, ಇವು ದೂರದಿಂದಲೇ ಜಾತಿಯನ್ನು ಹೇಳಿಬಿಡುತ್ತವೆ. ಆ ಗುರುತನ್ನು ಕಳಚಿ, ಸೀರೆಯನ್ನು ಉದ್ದಕ್ಕೆ ಉಡಿ ಎಂದರು. ಗಾಂಧಿ 1921ರಲ್ಲಿ ಮಧುರೆಯಲ್ಲಿ ಅಂಗಿ ಕಳಚಿದ್ದನ್ನು ತ್ಯಾಗ ಎನ್ನುತ್ತೇವೆ. ಅಂಬೇಡ್ಕರ್ ತೊಟ್ಟ ಸೂಟನ್ನೂ ಅಷ್ಟೇ ಗೌರವದಿಂದ ಓದಲು ನಮ್ಮ ಬರಹಗಾರರು ತಡಮಾಡಿದರು. ಕಳಚಲು ಮೊದಲು ಇರಬೇಕಲ್ಲ.

ಈ ಮಾತು ಬಂದದ್ದರಿಂದ ನಮ್ಮದೇ ಪಂಗಡಕ್ಕೂ ಸ್ವಲ್ಪ ತಿರುಗುತ್ತೇನೆ. ಕಥೆ, ಕವಿತೆ, ವಿಚಾರ ಸಂಕಿರಣ ಎಂದು ಓಡಾಡುವ ನಮಗೂ ಒಂದು ಯೂನಿಫಾರ್ಮ್ ಇದೆ. ಗಂಡಸರಿಗೆ ಖಾದಿ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ. ಹೆಂಗಸರಿಗೆ ಕೈಮಗ್ಗದ ಸೀರೆ, ಖಣದ ಕುಪ್ಪಸ, ಆಕ್ಸಿಡೈಸ್ಡ್ ಬೆಳ್ಳಿಯ ದೊಡ್ಡ ಸರ. ಮಹಾಡಿನ ಹೆಂಗಸರು ಕಳಚಿಟ್ಟಂಥದ್ದೇ ಬೆಳ್ಳಿ ಈಗ ನಮ್ಮ ಕೊರಳಿನಲ್ಲಿ ಅಭಿರುಚಿಯ ಗುರುತಾಗಿದೆ. ನಾನೂ ಹಾಕಿಕೊಳ್ಳುತ್ತೇನೆ, ಸುಳ್ಳು ಹೇಳುವುದಿಲ್ಲ. ಹೆಗ್ಗೋಡಿನ ಕಡೆ ಚರಕ ಸಂಸ್ಥೆಯಲ್ಲಿ ಹೆಂಗಸರು ನೇಯ್ದ ಬಟ್ಟೆ ನನ್ನ ಕಪಾಟಿನಲ್ಲಿದೆ, ಅದಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ. ಬೇಸರವಿರುವುದು ಆ ಬಟ್ಟೆ ತೊಟ್ಟ ಮೇಲೆ ನಮ್ಮ ಕಣ್ಣಿಗೆ ಬರುವ ಸೊಕ್ಕಿನ ಬಗ್ಗೆ. ಮಿರಮಿರ ಮಿಂಚುವ ಪಾಲಿಯೆಸ್ಟರ್ ಟಾಪು ಹಾಕಿಕೊಂಡು ಬಂದ ವಿದ್ಯಾರ್ಥಿನಿಯನ್ನು ‘ಟೇಸ್ಟ್ ಇಲ್ಲ’ ಎಂದು ಸ್ಟಾಫ್‌ರೂಮಿನಲ್ಲಿ ಆಡಿಕೊಂಡವರಲ್ಲಿ ನಾನೂ ಇದ್ದೆ. ಆ ಹುಡುಗಿಯ ತಾಯಿ ಬೇರೆಯವರು ಉಟ್ಟು ಬಿಟ್ಟ ಸೀರೆಯಲ್ಲೇ ಜೀವನ ಕಳೆದವಳೆಂದು ಆಮೇಲೆ ತಿಳಿಯಿತು. ಸಂತೆಯಲ್ಲಿ ಇನ್ನೂರು ರೂಪಾಯಿಗೆ ಕೊಂಡ ಆ ಟಾಪು ಅವರ ಮನೆಯಲ್ಲಿ ಯಾರೂ ಮೊದಲು ತೊಡದ, ಹೊಸ ಬಟ್ಟೆ. ಅಗ್ಗದ ರೆಡಿಮೇಡ್ ಬಂದದ್ದರಿಂದ ಇಂಥ ಮನೆಗಳಿಗೆ ಸಿಕ್ಕದ್ದು ದೊಡ್ಡದು. ಅದನ್ನು ಒಪ್ಪದೆ ಕೈಮಗ್ಗದ ಗುಣಗಾನ ಮಾಡುವವರನ್ನು ನಾನು ನಂಬುವುದಿಲ್ಲ.

ಆದರೆ ಆ ಅಗ್ಗದ ಬೆಲೆಯನ್ನು ಇನ್ಯಾರೋ ತೆರುತ್ತಿರುತ್ತಾರೆ. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಅಷ್ಟು ದೂರವೂ ಹೋಗಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಬಂದು ಕೂತದ್ದು ನೆನಪಿದೆಯೇ? ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅದು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ನನ್ನ ಸೊಸೆಯ ಪಿಡಿಎಫ್‌ನಲ್ಲಿರುವ ಇಟ್ಟಿಗೆ ಕೆಂಪಿನ ಪ್ಯಾಂಟನ್ನು ಅಂಥ ಒಬ್ಬ ಹೆಂಗಸು, ತಾಸಿಗೆ ಇಷ್ಟು ಪೀಸು ಎಂಬ ಲೆಕ್ಕದಲ್ಲಿ, ಹೊಲಿದಿರಬಹುದು. ‘ನಿಮ್ಮತನವನ್ನು ತೋರಿಸಿ’ ಎಂಬ ಜಾಹೀರಾತಿನ ಬಟ್ಟೆ ಹೊಲಿಯುವವಳಿಗೆ ಶೌಚಾಲಯಕ್ಕೆ ಹೋಗಲು ಸೂಪರ್‌ವೈಸರನ ಮುಖ ನೋಡಬೇಕಾದ ಸ್ಥಿತಿ ಇರುವ ತನಕ ಆ ಮಾತಿಗೆ ನನ್ನಲ್ಲಿ ಮರ್ಯಾದೆ ಇಲ್ಲ.

ಹಾಗಾದರೆ ನಿಮಗೇನು ಬೇಕು ಎಂದು ಕೇಳುತ್ತೀರಿ. ಹೇಳುತ್ತೇನೆ. ನಮ್ಮೂರಿನ ಟೇಲರ್ ಕಾಕಾ ಜಂಪರು ಹೊಲಿಯುವಾಗ ಎರಡೂ ಬದಿಗೆ ಒಂದು ಇಂಚು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದರು. ‘ಮುಂದ ಮೈ ಬಂದ್ರ ಹೊಲಿಗಿ ಬಿಚ್ಚಿದ್ರ ಸಾಕವಾ’ ಎನ್ನುತ್ತಿದ್ದರು. ಅವರೇನು ಸ್ವಾತಂತ್ರ್ಯದ ಪಕ್ಷಪಾತಿಯಲ್ಲ. ನನ್ನ ಕೊರಳು ಎಷ್ಟು ಇಳಿಯಬೇಕೆಂದು ನನ್ನನ್ನು ಬಿಟ್ಟು ಅವ್ವನನ್ನು ಕೇಳುತ್ತಿದ್ದರು. ಆದರೆ ಮೈ ಬದಲಾಗುತ್ತದೆ ಎಂಬುದನ್ನು ಒಪ್ಪಿಕೊಂಡು ಹೊಲಿಯುತ್ತಿದ್ದರು. ಈಗಿನ ರೆಡಿಮೇಡ್ ಕುರ್ತಾದ ಒಳಗೆ ತಿರುಗಿಸಿ ನೋಡಿ, ಬಿಚ್ಚಲು ಬಟ್ಟೆಯೇ ಇರುವುದಿಲ್ಲ. ಮೈ ಬಂದರೆ ಹೊಸದು ಕೊಳ್ಳಿ, ಇಲ್ಲವೇ ಮೈಯನ್ನು ಇಳಿಸಿ. ನನಗೆ ಬೇಕಾದದ್ದು ಆ ಒಂದು ಇಂಚು. ಕಾಲೇಜು, ಕಚೇರಿಗಳಲ್ಲಿ ಗಂಡಸಿಗಿಲ್ಲದ ನಿಯಮ ಹೆಂಗಸಿಗೂ ಇರಬಾರದು. ಹೊಲಿಯುವವಳಿಗೆ ತಾನು ಹೊಲಿದದ್ದನ್ನು ಕೊಳ್ಳುವಷ್ಟು ಸಂಬಳ ಸಿಗಬೇಕು. ಗಂಡ ಸತ್ತದ್ದನ್ನು ಹೆಂಗಸಿನ ಸೀರೆಯ ಮೇಲೆ ಬರೆದಿಡುವುದು ನಿಲ್ಲಬೇಕು. ಇವು ಆದಮೇಲೆ ಯಾವ ಬಣ್ಣ ಯಾರಿಗೆ ಒಪ್ಪುತ್ತದೆ ಎಂಬುದನ್ನು ಕನ್ನಡಿಯ ಮುಂದೆ ಐದು ನಿಮಿಷ ನಿಂತು ಅವರವರೇ ಕಂಡುಕೊಳ್ಳುತ್ತಾರೆ.

ಮೊನ್ನೆ ನಮ್ಮ ಹುಡುಗಿ ಊರಿಗೆ ಬಂದಿದ್ದಳು. ಟ್ರಂಕು ತೆಗೆಸಿ, ಆ ಹಸಿರು ಸೀರೆಯನ್ನು ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತಳು. ಅವ್ವ ಕೂತಲ್ಲಿಂದ ಎದ್ದು ಬಂದು ನೆರಿಗೆ ಸರಿಮಾಡಿದಳು.

‘ಛೊಲೊ ಕಾಣಸ್ತದ, ಆದ್ರ ಈ ಬಣ್ಣ ನನಗ ಬ್ಯಾಡ ಅಂದಾರ’ ಅಂದಳು ಹುಡುಗಿ.

‘ಯಾರವರು?’ ಅಂದಳು ಅವ್ವ.

ಹುಡುಗಿಯ ಬಳಿ ಉತ್ತರವಿರಲಿಲ್ಲ, ಆ ಸಲಹೆಗಾರ್ತಿಯ ಮುಖವನ್ನೂ ಅವಳು ನೋಡಿಲ್ಲ. ನಾನು ಅದೇ ಪ್ರಶ್ನೆಯನ್ನು ಅವ್ವನಿಗೆ ತಿರುಗಿಸಿ ಕೇಳಬೇಕೆಂದುಕೊಂಡೆ: ನಿನಗೆ ಬ್ಯಾಡ ಅಂದವರು ಯಾರು? ಕೇಳಲಿಲ್ಲ. ಸಂಜೆ ಅವಳು ಸೀರೆಯನ್ನು ಹಳೆಯ ಮಡಿಕೆಯ ಗುರುತಿನಲ್ಲೇ ಮಡಚಿ, ಮತ್ತೆ ಟ್ರಂಕಿನ ತಳಕ್ಕೆ ಇಟ್ಟಳು. ಬರುವ ಯುಗಾದಿಗೆ ಅದನ್ನು ತೆಗೆದು ಅವಳ ಕೈಗೆ ಕೊಡುವವಳು ನಾನು. ಉಡುವುದು ಬಿಡುವುದು ಅವಳದು. ಓಣಿಯವರಿಗೆ ಉತ್ತರ ಹೇಳುವ ಕೆಲಸ ಮಾತ್ರ ನನ್ನದು.